ಸಿಲ್ವಿಯಾಳ ಮಕ್ಕಳು

ಮಂಗಳನಿಗೂ ಗುರುವಿಗೂ ನಡುವೆ ಲಕ್ಷಗಟ್ಟಲೆ ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಅಷ್ಟರಲ್ಲಿ ಒಂದರ ಮೇಲೆ ಮನಸ್ಸು ನಿಲ್ಲಬೇಕಾದರೆ ಏನಾದರೂ ಋಣಾನುಬಂಧ ಇರಲೇಬೇಕು. ನನಗೆ ಸಿಲ್ವಿಯಾಳ ಮೇಲೆ ಅಂಥದೊಂದು ಮೋಹ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅವಳದು 87ನೆಯ ನಂಬರು.

ಅವಳು ಮೊದಲು ಕಣ್ಣಿಗೆ ಬಿದ್ದದ್ದು ಮದರಾಸಿನಲ್ಲಿ, 1866ರ ಮೇ 16ರಂದು. ಕಂಡವನು ನಾರ್ಮನ್ ಪಾಗ್ಸನ್. ಸರ್ಕಾರಿ ಖಗೋಳಜ್ಞನಾಗಿ 1861ರಲ್ಲಿ ಬಂದವನು ಅಲ್ಲೇ ನೆಲೆನಿಂತು, ಅಲ್ಲೇ 1891ರಲ್ಲಿ ತೀರಿಕೊಂಡ. ಚುಕ್ಕಿಗಳ ಹೊಳಪಿಗೆ ಇಂದಿಗೂ ಬಳಸುವ ಲೆಕ್ಕ, ಐದು ದರ್ಜೆ ಇಳಿದರೆ ಬೆಳಕು ನೂರರಲ್ಲಿ ಒಂದು ಪಾಲು ಎಂಬುದು, ಈ ಪುಣ್ಯಾತ್ಮನದೇ. ಆಗ ಫೋಟೋ ತೆಗೆದು ಕ್ಷುದ್ರಗ್ರಹ ಹುಡುಕುವ ಕಾಲವಲ್ಲ. ದೂರದರ್ಶಕಕ್ಕೆ ಕಣ್ಣಿಟ್ಟು, ನಕ್ಷತ್ರಪಟದ ಚುಕ್ಕಿಗಳನ್ನು ಬಾನಿನ ಚುಕ್ಕಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ್ದೊಂದು ಸಿಕ್ಕಿತೇ, ಗುರುತು ಹಾಕಿಕೊಂಡು ಮರುರಾತ್ರಿ ಮತ್ತೆ ಬರಬೇಕು. ನಿಂತಲ್ಲೇ ಇದ್ದರೆ ನಕ್ಷತ್ರ, ಕದಲಿದ್ದರೆ ಹಬ್ಬ. ಈ ಚುಕ್ಕಿಗಾವಲನ್ನು ನೆನೆದಾಗಲೆಲ್ಲ ಮದರಾಸಿನ ಮೇ ತಿಂಗಳ ಸೆಕೆಯೂ ಜೊತೆಗೇ ನೆನಪಾಗಿ, ಕತ್ತಿನ ಬೆವರು ಒರೆಸಿಕೊಳ್ಳುತ್ತ ಐಪೀಸಿಗೆ ಬಾಗಿದ ಆ ಮನುಷ್ಯನ ಮೇಲೆ ಅಕ್ಕರೆ ಉಕ್ಕುತ್ತದೆ.

ಸಿಕ್ಕ ಚುಕ್ಕಿಗೆ ರೋಮಿನ ಪುರಾಣದ ರಿಯಾ ಸಿಲ್ವಿಯಾಳ ಹೆಸರಿಟ್ಟ. ರೋಮ್ ನಗರದ ಹುಟ್ಟಿನ ಕತೆಯಲ್ಲಿ ಬರುವ ಅವಳಿಗಳು ರೋಮುಲಸ್ ಮತ್ತು ರೀಮಸ್. ಅವರ ಹೆತ್ತಮ್ಮ ಈಕೆ. ಪಾಪ, ಅವಳ ಪಾಲಿಗೆ ಬಂದದ್ದು ಬಾಣಂತನವಲ್ಲ, ಬಂಧನ. ಹಸುಗೂಸುಗಳನ್ನು ಕಿತ್ತುಕೊಂಡು ನದಿಗೆ ಬಿಟ್ಟರು. ಹಾಲೂಡಿದ್ದು ತೋಳ. ಮುಂದಿನ ಕತೆಯೆಲ್ಲ ಮಕ್ಕಳದ್ದೂ ತೋಳದ್ದೂ ಆಗಿ, ತಾಯಿ ಮೂಲೆ ಸೇರಿದಳು.

ಆಕಾಶದ ಸಿಲ್ವಿಯಾ ಕೂಡ ಮಕ್ಕಳ ಸುದ್ದಿಯೇ ಇಲ್ಲದೆ ಬಹುಕಾಲ ಒಂಟಿಚುಕ್ಕಿಯಾಗಿಯೇ ಸುತ್ತಿದಳು. ಅವಳ ವರ್ಷವೆಂದರೆ ನಮ್ಮ ಆರೂವರೆ ವರ್ಷ; ಅವಳ ದಿನ ಐದು ಗಂಟೆ ಚಿಲ್ಲರೆ. 2001ರಲ್ಲಿ ಹವಾಯಿಯ ಕೆಕ್ ದೂರದರ್ಶಕದಲ್ಲಿ ಅವಳ ಪಕ್ಕ ಒಂದು ಮಿಣುಕು ಕಂಡಿತು. 2004ರಲ್ಲಿ ಚಿಲಿಯಿಂದ ಇನ್ನೊಂದು. ಮೊದಲಿನದಕ್ಕಿಂತ ಕಿರಿದು, ತಾಯಿಗೆ ಇನ್ನೂ ಹತ್ತಿರ. ಎರಡು ಉಪಗ್ರಹಗಳಿರುವ ಕ್ಷುದ್ರಗ್ರಹ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಸಿಕ್ಕವಳು, ಎಷ್ಟೆಲ್ಲ ಹೆಸರುಗಳ ನಡುವೆ, ಅವಳಿಗಳ ತಾಯಿಯೇ! ಹೆಸರು ಹುಡುಕುವ ಶ್ರಮವೇ ಉಳಿಯಲಿಲ್ಲ. ದೊಡ್ಡವನು ರೋಮುಲಸ್, ಚಿಕ್ಕವನು ರೀಮಸ್. ಚಿಕ್ಕವನು ಸುಮಾರು 33 ಗಂಟೆಗೊಮ್ಮೆ ತಾಯಿಯನ್ನು ಸುತ್ತಿ ಬರುತ್ತಾನೆ. ದೊಡ್ಡವನಿಗೆ ಮೂರೂವರೆ ದಿನ ಮೀರುತ್ತದೆ.

ಮಕ್ಕಳ ಈ ಓಡಾಟದಿಂದಲೇ ತಾಯಿಯ ತೂಕವೂ ತಿಳಿಯಿತು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಹಾದಿಯಷ್ಟು ಉದ್ದದ ಈ ಕಪ್ಪುಮೈಯವಳ ಸಾಂದ್ರತೆ ನೀರಿಗಿಂತ ಚೂರೇ ಹೆಚ್ಚು. ಗಟ್ಟಿ ಬಂಡೆಯಾಗಿದ್ದರೆ ಇಷ್ಟು ಹಗುರ ಇರುವುದು ಸಾಧ್ಯವಿಲ್ಲ. ಹಳೆಯ ಡಿಕ್ಕಿಯೊಂದರಲ್ಲಿ ಒಡೆದ ಚೂರುಗಳು ತಮ್ಮ ತಮ್ಮ ಸೆಳೆತದಲ್ಲೇ ಮತ್ತೆ ಕೂಡಿಕೊಂಡ ಜಲ್ಲಿರಾಶಿ, ನಡುನಡುವೆ ಪೊಳ್ಳು ಎಂದು ಮಕ್ಕಳನ್ನು ಕಂಡವರು ತರ್ಕಿಸಿದರು. ಒಡೆದದ್ದು ಕೂಡಿ ನಿಂತು, ಮಿಕ್ಕ ಚೂರುಗಳನ್ನು ಸುತ್ತಲೇ ಇರಿಸಿಕೊಂಡಿದೆ ಎಂಬ ಸಂಗತಿ ನನಗೆ ಪುರಾಣಕ್ಕಿಂತಲೂ ಇಷ್ಟ.

ಮದರಾಸಿನ ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿನ ಬೆಟ್ಟ ಹತ್ತಿತು. ಅದರ ಇಂದಿನ ವಾರಸುದಾರ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಇರುವುದು ನಮ್ಮ ಕೋರಮಂಗಲದಲ್ಲಿ. ಆ ಲೆಕ್ಕದಲ್ಲಿ ಸಿಲ್ವಿಯಾ ಬೆಂಗಳೂರಿಗೂ ನೆಂಟಳೇ.

ಅಂದಹಾಗೆ, ಪಾಗ್ಸನ್ 1868ರಲ್ಲಿ ಮದರಾಸಿನಿಂದಲೇ ಕಂಡ 107ನೆಯ ಕ್ಯಾಮಿಲ್ಲಾಳಿಗೂ ಎರಡು ಉಪಗ್ರಹಗಳಿವೆ. ಎರಡನೆಯದರ ಸುದ್ದಿ ಬಂದದ್ದು 2016ರಲ್ಲಿ. ಅದು ಗೊತ್ತಾದಾಗಿನಿಂದ ಅವನ ಮದರಾಸು ಪಟ್ಟಿಯ ಉಳಿದ ಹೆಸರುಗಳ ಮೇಲೆ, ಏಷ್ಯಾ, ಸ್ಯಾಫೋ, ವೆರಾ ಎಂದು ಬೆರಳಾಡಿಸುತ್ತ ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಅವರ ಮಗ್ಗುಲಲ್ಲೂ ಯಾರಾದರೂ ಸರಿಯಾಗಿ ಇಣುಕಿ ನೋಡಿದ್ದಾರೋ ಇಲ್ಲವೋ!