ಎಳೆ ಹರಿದಾಗ

ಹೋದ ದಸರೆಗೆ ಮಗಳು ಬೆಂಗಳೂರಿನಿಂದ ಇಳಕಲ್ಲಿಗೆ ಬಂದವಳು ಹಬ್ಬಕ್ಕೆ ಬಂದಳೋ ಕೆಲಸಕ್ಕೆ ಬಂದಳೋ ತಿಳಿಯದಾಯಿತು. ಓಣಿಯಲ್ಲಿ ಬನ್ನಿ ಕೊಟ್ಟು ಬಂದವಳೇ ಕಂಪ್ಯೂಟರ್ ತೆರೆದು ಕೂತಳು. ರಾತ್ರಿ ಒಂದು ಗಂಟೆಗೆ ನಾನು ನೀರು ಕುಡಿಯಲು ಎದ್ದಾಗಲೂ ಹಾಗೆಯೇ ಕೂತಿದ್ದಳು.

“ಇಷ್ಟೊತ್ತಿನ್ಯಾಗ ಏನವಾ ಅದು?”

“ಟೆಸ್ಟಿಂಗ್, ಅವ್ವಾ. ಬ್ಯಾರೇದವರು ಬರದದ್ರಾಗ ತಪ್ಪು ಹುಡುಕೂದು.”

“ಅಂದ್ರ ನನ್ನ ಕೆಲಸಾನ ಮಾಡ್ತಿ ಬಿಡು!”

ಇಪ್ಪತ್ತೆಂಟು ವರ್ಷ ಹುನಗುಂದ, ಬಾದಾಮಿ ಕಡೆಯ ಶಾಲೆಗಳಲ್ಲಿ ಕೆಂಪು ಶಾಯಿ ಖರ್ಚು ಮಾಡಿದವಳು ನಾನು. ಮಗಳು ನಗಲಿಲ್ಲ. “ನೌಕರಿ ಬಿಡಬೇಕಂತ ಮಾಡೀನಿ” ಅಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಜನ ತಂತ್ರಜ್ಞರು ಕೂತು ‘ಅಜೈಲ್’ ಎಂಬ ಪ್ರಣಾಳಿಕೆ ಬರೆದರಂತೆ. ವರ್ಷಗಟ್ಟಲೆ ಒಂದೇ ದೊಡ್ಡ ಕೆಲಸ ಕಟ್ಟಿಕೊಂಡು ಕೂರುವ ಬದಲು ಸಣ್ಣ ಸಣ್ಣ ಕಂತಿನಲ್ಲಿ ಮುಗಿಸಿ ಗಿರಾಕಿಗೆ ತೋರಿಸುತ್ತ ಹೋಗಬೇಕೆಂಬುದು ಅದರ ತಿರುಳು. ಇವರ ತಂಡಕ್ಕೆ ಎರಡು ವಾರದ ಕಂತು. ಆದರೆ ಬರೆಯುವವರು ಎಂಟು ದಿನ ಬರೆದು, ಎಲ್ಲವನ್ನೂ ಕೊನೆಯ ಎರಡು ದಿನಕ್ಕೆ ಪರೀಕ್ಷಿಸುವವರ ಮೈಮೇಲೆ ಹಾಕುತ್ತಿದ್ದರು. ಹೆಸರು ಹೊಸದು, ರೂಢಿ ಹಳೆಯದು. ಹಿಂದಿನ ತಿಂಗಳು ಕೊನೆಯ ಸಂಜೆ ಇವಳಿಗೊಂದು ತಪ್ಪು ಕಂಡಿತ್ತು. ಹೇಳಿದರೆ ಎಲ್ಲರ ಶನಿವಾರ, ರವಿವಾರ ಹಾಳು. ಹಿಂದೊಮ್ಮೆ ಹೇಳಿ ಬೈಸಿಕೊಂಡೂ ಇದ್ದಳು. ಸುಮ್ಮನಾದಳು. ಆ ತಪ್ಪು ಹೊರಗೆ ಹೋಗಿ, ಗಿರಾಕಿಗಳ ಖಾತೆಯಿಂದ ಹಣ ಎರಡು ಸಲ ಕಡಿತವಾಯಿತು. ಸಭೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: “ಟೆಸ್ಟ್ ಮಾಡಿದವರು ಯಾರು?”

ಮೂಲೆಯ ಮಂಚದಲ್ಲಿ ನನ್ನ ಅವ್ವ ಮಲಗಿದ್ದಾಳೆಂದುಕೊಂಡಿದ್ದೆವು. ಅಲ್ಲಿಂದಲೇ ದನಿ ಬಂತು: “ಎಳಿ ಹರದ್ರ ಹರದಾಗ ನಿಂದ್ರಬೇಕವಾ. ಸೀರಿ ಮಡಚಿದ ಮ್ಯಾಲೆ ನೋಡಿದ್ರ ಏನು ಬಂತು?”

ಮಗಳು ಮೊದಲ ಸಲ ನಕ್ಕಳು. “ಆಯಿ, ನಿನ್ನ ಮಾತ ಜಪಾನದಾವರು ವಿದ್ಯಾ ಮಾಡ್ಯಾರ!”

ಅವಳ ಹೊಸ ಮೇಲಧಿಕಾರಿ ಓದಲು ಕೊಟ್ಟಿದ್ದ ಪುಸ್ತಕದಲ್ಲಿ ಆ ಕತೆ ಇತ್ತು. 1867ರಲ್ಲಿ ಬಡಗಿಯ ಮನೆಯಲ್ಲಿ ಹುಟ್ಟಿದ ಸಾಕಿಚಿ ಟೊಯೊಡಾ ಜೀವಮಾನವೆಲ್ಲ ಮಗ್ಗವನ್ನೇ ಸುಧಾರಿಸಿದವನು. 1924ರಲ್ಲಿ ಸಿದ್ಧವಾದ ಅವನ ಸ್ವಯಂಚಾಲಿತ ಮಗ್ಗ ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಹಾಗಾಗಿ ಕೆಟ್ಟ ಬಟ್ಟೆ ಬೆಳೆಯುತ್ತಿರಲಿಲ್ಲ. ಕಾವಲು ಕೂರುವ ಅಗತ್ಯವಿಲ್ಲದ್ದರಿಂದ ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದಿತ್ತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ಅವನ ಮಗ ಕಾರು ಮಾಡಲು ಹೊರಟು 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು. 1932ರಲ್ಲಿ ಟೊಯೊಡಾರ ಜವಳಿ ಗಿರಣಿಗೆ ಸೇರಿದ್ದ ತಾಯಿಚಿ ಓನೊ ಮುಂದೆ ಕಾರಿನ ಕಾರ್ಖಾನೆಗೂ ಮಗ್ಗದ ಬುದ್ಧಿಯನ್ನೇ ಒಯ್ದ. ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ಇದೆಲ್ಲ ಮುಂದೆ ‘ಲೀನ್’ ಎನಿಸಿಕೊಂಡಿತು. ಬೊಜ್ಜಿಲ್ಲದ್ದು ಎಂದರ್ಥ. ಅರ್ಧ ಮಾಡಿಟ್ಟ ಕೆಲಸ, ಕಾಯುವುದು, ತಪ್ಪು ತಿದ್ದುವುದು, ಇವೇ ಆ ಬೊಜ್ಜು.

ಇಳಕಲ್ಲಿನವರಿಗೆ ಇದು ಹೊಸದೆ? ನಮ್ಮ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆದ್ದರಿಂದ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕಾಗುತ್ತದೆ. ಹೊರಗಿನವರಿಗೆ ಅದು ಹೆಚ್ಚಿನ ದುಡಿತವಾಗಿ ಕಾಣುತ್ತದೆ, ದುಡಿತ ಹೌದು ಕೂಡ. ಆದರೆ ಈ ಸೀರೆಯ ಹಾಸಿನ ತಪ್ಪು ಮುಂದಿನದಕ್ಕೆ ದಾಟುವುದಿಲ್ಲ.

ಮಗಳು ನೌಕರಿ ಬಿಡಲಿಲ್ಲ. ಸಂಕ್ರಾಂತಿಗೆ ಬಂದಾಗ ತಂಡದಲ್ಲಿ ಆದ ಬದಲಾವಣೆ ಹೇಳಿದಳು. ಈಗ ಬರೆಯುವ ಮೊದಲೇ ಬರೆಯುವವನೂ ಪರೀಕ್ಷಿಸುವವಳೂ ಜೊತೆಗೆ ಕೂತು ‘ಯಾವುದು ಸರಿ’ ಎಂದು ಗೊತ್ತು ಮಾಡುತ್ತಾರೆ. ಹಲಗೆಯ ಮೇಲೆ ಪರೀಕ್ಷೆಯ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಇರುವಂತಿಲ್ಲ. ತುಂಬಿದರೆ ಬರೆಯುವವರು ಹೊಸದನ್ನು ಹಿಡಿಯದೆ ಇವರಿಗೆ ಕೈಗೂಡಿಸಬೇಕು. ದಿನಾ ಮಾಡುವ ಅದೇ ಅದೇ ತಪಾಸಣೆಯನ್ನು ಯಂತ್ರಕ್ಕೆ ಒಪ್ಪಿಸಿದ್ದಾರೆ. ಯಾರು ಏನು ಬದಲಿಸಿದರೂ ಅದು ಕೂಡಲೇ ಓಡುತ್ತದೆ, ಕೆಂಪು ದೀಪ ಬಂದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಅದನ್ನು ಸರಿಮಾಡಬೇಕು.

“ಎಲ್ಲಾ ಚಲೋ ಆತೇನು?”

“ಮೊದಲ ಹತ್ತ ದಿನ ಕೆಲಸಾನ ಸಾಗಲಿಲ್ಲ. ಎಲ್ಲಾರೂ ಸಿಟ್ಟಿಗೆದ್ದಿದ್ರು. ಈಗ ರಾತ್ರಿ ಕೂಡೂದು ಕಮ್ಮಿ ಆಗೇತಿ. ಪೂರಾ ನಿಂತಿಲ್ಲ.”

ಅವಳ ಪ್ರಾಮಾಣಿಕತೆ ನನಗೆ ಹಿಡಿಸಿತು. ತಿಂಗಳಿಗೊಮ್ಮೆ ಅರವತ್ತು ನೋಟುಬುಕ್ಕು ಪೇರಿಸಿಕೊಂಡು ತಿದ್ದುವವಳಿಗೆ ನಾಚಿಕೆಯೂ ಆಯಿತು. ‘ವಿದ್ಯಾರ್ಥಿ’ಯನ್ನು ‘ವಿಧ್ಯಾರ್ಥಿ’ ಎಂದು ಮಗು ತಿಂಗಳಿಡೀ ಬರೆದು ಕೈ ಕೂತ ಮೇಲೆ ನನ್ನ ಕೆಂಪು ಗೀಟು ಯಾರ ಉಪಯೋಗಕ್ಕೆ? ಈಗ ದಿನಾ ಹತ್ತೇ ಮಕ್ಕಳು, ಎರಡೇ ಸಾಲು, ಬರೆಯುತ್ತಿರುವಾಗಲೇ ಬೆಂಚಿನ ಪಕ್ಕ ನಿಂತು ನೋಡುತ್ತೇನೆ. ಸಹೋದ್ಯೋಗಿಗಳು ನಿವೃತ್ತಿ ಹತ್ತಿರ ಬಂತು, ಹುರುಪು ಬಂತು ಎಂದು ನಗುತ್ತಾರೆ.

ಮಗಳ ಕತೆಯಲ್ಲಿ ನನಗೆ ಚುಚ್ಚಿದ್ದು ಮಾತ್ರ ಬೇರೆಯೇ. ತಪ್ಪು ಕಂಡೂ ಅವಳು ಸುಮ್ಮನಾದಳಲ್ಲ, ಅದು.

ನನಗಾಗ ಹತ್ತು ವರ್ಷ. ಅಪ್ಪನಿಗೆ ಜ್ವರ ಬಂದು ಅವ್ವ ಮಗ್ಗಕ್ಕೆ ಇಳಿದಿದ್ದಳು. ಮರುದಿನ ಸೀರೆ ಒಪ್ಪಿಸಬೇಕು. ಕಂದೀಲಿನ ಬೆಳಕಿನಲ್ಲಿ ಕಂಡಿಕೆ ಸುತ್ತುತ್ತಿದ್ದ ನಾನು ಎರಡು ಸಲ ‘ಎಳಿ ಹರೀತು’ ಎಂದು ಕೂಗಿ, ಎರಡೂ ಸಲ ಹರಿದಿರಲಿಲ್ಲವಾಗಿ, ಬೈಸಿಕೊಂಡಿದ್ದೆ. ಮೂರನೆಯ ಸಲ ನಿಜಕ್ಕೂ ಹರಿಯಿತು. ನಾನು ಬಾಯಿ ಬಿಡಲಿಲ್ಲ. ಲಾಳಿ ಓಡುತ್ತಲೇ ಇತ್ತು. ಅವ್ವನಿಗೆ ಕಾಣುವಷ್ಟರಲ್ಲಿ ಎರಡು ಗೇಣು ಬಟ್ಟೆಯ ಮೇಲೆ ಕೂದಲಿನಂಥ ಗೆರೆ. ಬಿಚ್ಚಿ ನೇಯಲು ಹೊತ್ತಿರಲಿಲ್ಲ. ಸಾವಕಾರರು ಕೂಲಿ ಮುರಿದುಕೊಂಡರು. ಆ ದೀಪಾವಳಿಗೆ ನನಗೂ ತಂಗಿಗೂ ಹೊಸ ಲಂಗ ಬರಲಿಲ್ಲ.

ಮೊನ್ನೆ, ನಲವತ್ತಾರು ವರ್ಷದ ಮೇಲೆ, ಅವ್ವನ ಕಾಲಿಗೆ ಎಣ್ಣೆ ಹಚ್ಚುತ್ತ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು.

“ಆ ಸೀರಿ ಯಾವ ಬಣ್ಣದ್ದು?” ಅಂದಳು.

“ದಾಳಿಂಬರ ಬಣ್ಣದ್ದು.”

“ಹಂಗಾದ್ರ ನೆನಪಿಲ್ಲವಾ” ಎಂದು, ಎಣ್ಣೆ ಹಚ್ಚಲು ಇನ್ನೊಂದು ಕಾಲು ಚಾಚಿದಳು.