ಜೇವರ್ಗಿಯ ಕಲ್ಲುಗೋರಿ, ಪ್ಯಾರಿಸಿನ ಕಾದಂಬರಿ

ಕಲಬುರಗಿಯಿಂದ ಜೇವರ್ಗಿಗೆ ಹೊರಟರೆ, ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಫಿರೋಜಾಬಾದಿನ ಪಾಳುಗೋಡೆಗಳು ಭೀಮೆಯ ದಂಡೆಗೆ ನಿಂತಿರುತ್ತವೆ. ಕಟ್ಟಿಸಂಗಾವಿ ಸೇತುವೆ ದಾಟಿದ ಮೇಲೆ ಬರೀ ಎರೆಭೂಮಿ, ತೊಗರಿ ಹೊಲ. ಈ ಬಯಲಿಗೂ ಪ್ಯಾರಿಸಿನಲ್ಲಿ ಅಚ್ಚಾದ ಕಾದಂಬರಿಯೊಂದಕ್ಕೂ ನಂಟಿದೆಯೆಂದು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಆ ಕಾದಂಬರಿ, ಫ್ರೆಂಚ್ ಲೇಖಕ ಯೂಜಿನ್ ಸ್ಯೂನ ‘ಅಲೆಮಾರಿ ಯಹೂದಿ’, 1844ರ ಜೂನ್‌ನಿಂದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು; ಓದುಗರು ಮುಗಿಬಿದ್ದರು. 1845ರಲ್ಲಿ ಗವಾರ್ನಿಯ ಚಿತ್ರಗಳೊಡನೆ ಸಂಪುಟಗಳಾಗಿಯೂ ಅಚ್ಚಾಯಿತು. ಅದರಲ್ಲಿ ಜಾಲ್ಮ ಎಂಬ ಭಾರತೀಯ ರಾಜಕುಮಾರನಿದ್ದಾನೆ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಗ್ಗರಲ್ಲೊಬ್ಬನಾದ ಫರಿಂಘಿಯಾನೂ ಇದ್ದಾನೆ. ಆ ಹೆಸರಿನ ನಿಜವಾದ ಠಗ್ಗನನ್ನು ಬ್ರಿಟಿಷ್ ಅಧಿಕಾರಿ ಸ್ಲೀಮನ್ ಸೆರೆ ಹಿಡಿದಿದ್ದ. ಠಗ್ಗರ ಕಥೆಯ ಹುಚ್ಚನ್ನು ಯುರೋಪಿಗೆ ಹತ್ತಿಸಿದವರಲ್ಲಿ ಮುಖ್ಯನಾದವನು ಮಾತ್ರ ನಮ್ಮ ಸೀಮೆಯಲ್ಲಿ ಬಾಳಿದವನು: ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಬಂದಿತ್ತು. ಸ್ಯೂನ ಧಾರಾವಾಹಿ ಶುರುವಾದದ್ದು ಅದರ ಐದು ವರ್ಷಕ್ಕೆ.

ಸುರಪುರದವರಿಗೆ ಟೇಲರನ ಪರಿಚಯ ಹೇಳಬೇಕಿಲ್ಲ, ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಆಳಂದದಿಂದ ವಾಯವ್ಯಕ್ಕೆ ಗಡಿ ದಾಟಿದರೆ ಸಿಗುವ ನಳದುರ್ಗದಲ್ಲೂ ಅವನು ಆಡಳಿತ ನಡೆಸಿದ. ತುಳಜಾಪುರದಿಂದ ಶುರುವಾಗುವ ಅವನ ‘ತಾರಾ’ ಕಾದಂಬರಿಯಲ್ಲಿ ಬಿಜಾಪುರದ ಅಫ್ಜಲ್ ಖಾನನೇ ಪಾತ್ರವಾಗಿ ಬರುತ್ತಾನೆ. ಅಫಜಲಪುರದ ಹಾದಿಯಲ್ಲಿ ಅದನ್ನು ಓದುವ ಸುಖವೇ ಬೇರೆ.

ಆದರೆ ನನ್ನನ್ನು ಬೆರಗುಗೊಳಿಸುವುದು ಜೇವರ್ಗಿಯೇ. ಇಲ್ಲಿ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿದ ಬೃಹತ್ ಶಿಲಾಯುಗದ ಗೋರಿಗಳನ್ನು ಟೇಲರ್ ಅಗೆಸಿದ. 1851ರಲ್ಲೇ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಮಣ್ಣಿನ ಮಡಕೆಗಳು, ಅಸ್ಥಿಪಂಜರಗಳು, ಮುಂಡದಿಂದ ಬೇರೆಯಾಗಿ ಬಿದ್ದ ತಲೆಬುರುಡೆಗಳು! ನರಬಲಿಯಿರಬೇಕೆಂದು ಅವನು ಊಹಿಸಿದ. ಆ ಊಹೆ ನನಗೆ ಒಪ್ಪಿಗೆಯಿಲ್ಲ. ಠಗ್ಗರ ಕಥೆ ಬರೆದವನ ಕಣ್ಣಿಗೆ ಎಲುಬಿನಲ್ಲೂ ಕೊಲೆಯೇ ಮೊದಲು ಕಂಡಿರಬಹುದು. ಆದರೂ ಕಂಡದ್ದನ್ನು ಅಳೆದು, ಚಿತ್ರ ಬರೆದು ದಾಖಲಿಸಿದನಲ್ಲ, ಅದಕ್ಕೆ ನಾವು ಋಣಿಗಳು.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಹುಡುಗರು ಹುಡುಗಿಯರು ಸ್ಯೂನ ಕಾದಂಬರಿಯನ್ನೂ ಟೇಲರನ ವರದಿಯನ್ನೂ ಒಟ್ಟಿಗೆ ಓದಿ, ಒಂದು ದಿನ ಬಸ್ಸು ಹತ್ತಿ ಜೇವರ್ಗಿಗೆ ಬರಲಿ ಎಂಬುದು ನನ್ನ ಆಸೆ.