ಆನೆಗೊಂದಿ: ಊರೇ ಒಂದು ಮ್ಯೂಸಿಯಂ

ಹಂಪಿ ನೋಡಲು ಹೋದವರು ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಹೊಸಪೇಟೆಯ ಬಸ್ಸು ಹಿಡಿಯುವುದೇ ಹೆಚ್ಚು. ತಳವಾರಘಟ್ಟದ ಬಳಿ ತುಂಗಭದ್ರೆಯ ಆಚೆ ದಡಕ್ಕೆ ಸೇರಿದರೆ ಆನೆಗೊಂದಿ ಸಿಗುತ್ತದೆ. ವಿಜಯನಗರ ಹುಟ್ಟುವ ಮೊದಲೇ ಇದ್ದ ಊರು ಇದು. ವಾಲಿ-ಸುಗ್ರೀವರ ಕಿಷ್ಕಿಂಧೆ ಇದೇ ಎಂಬುದು ಜನರ ನಂಬಿಕೆ. ಗಗನ ಮಹಲ್, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠ, ನಡುಗಡ್ಡೆಯ ನವಬೃಂದಾವನ ಎಲ್ಲವೂ ಇಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕೋಟೆಯೊಳಗೆ ಇಂದಿಗೂ ಜನರು ಸಂಸಾರ ಹೂಡಿದ್ದಾರೆ. ವಿಜಯನಗರದ ಕಾಲದ ಕಾಲುವೆಯ ನೀರಿನಲ್ಲಿ ಭತ್ತ, ಬಾಳೆ ಬೆಳೆಯುತ್ತಾರೆ.

ಇಂಥ ಊರಿಗೆ ಹೊಂದುವ ವಿಚಾರವೊಂದು 1971ರಲ್ಲಿ ಫ್ರಾನ್ಸಿನಲ್ಲಿ ಹೆಸರು ಪಡೆಯಿತು: ಎಕೋಮ್ಯೂಸಿಯಂ. ಸಾಮಾನ್ಯ ಮ್ಯೂಸಿಯಂಗೆ ಕಟ್ಟಡ, ಸಂಗ್ರಹ, ನೋಡುಗರು ಬೇಕು. ಇದಕ್ಕೆ ಬೇಕಾದುದು ಒಂದು ಪ್ರದೇಶ, ಅದರ ಪರಂಪರೆ, ಅದನ್ನು ಕಾಯುವ ಊರಿನವರು. ಏನನ್ನು ಉಳಿಸಬೇಕು, ಏನನ್ನು ತೋರಿಸಬೇಕು ಎಂದು ನಿರ್ಧರಿಸುವವರೂ ಅವರೇ.

ಆನೆಗೊಂದಿಗೆ ಅಧಿಕೃತವಾಗಿ ಆ ಹೆಸರಿಲ್ಲ. ಆದರೆ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಹಿಡಿದದ್ದು ಹೆಚ್ಚುಕಡಿಮೆ ಅದೇ ದಾರಿ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಬಾಳೆಯ ಪಟ್ಟೆಯನ್ನು ಒಣಗಿಸಿ, ಹುರಿ ಹೊಸೆದು, ಚೀಲ, ಬುಟ್ಟಿ, ಚಾಪೆ ಹೆಣೆಯುವುದನ್ನು ಹೆಂಗಸರು ಕಲಿತರು. ಹಳೆಯ ಮನೆಗಳು ದುರಸ್ತಿಯಾಗಿ ಅತಿಥಿಗಳಿಗೆ ತೆರೆದುಕೊಂಡವು. ಪ್ರವಾಸಿಯ ಹಣದ ಒಂದು ಪಾಲಾದರೂ ಊರಿನಲ್ಲೇ ಉಳಿಯುವುದು ಹೀಗೆ.

ಊರಿನವರನ್ನು ಕೇಳದೆ ಪರಂಪರೆಯನ್ನು ಕಾಯಲು ಹೊರಟರೆ ಏನಾಗುತ್ತದೆ? ಉತ್ತರ ಹತ್ತಿರದಲ್ಲೇ ಇದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು, ಹೊರಬಂದದ್ದು 2006ರಲ್ಲಿ. ಆ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಹಳ್ಳಿಗರಿಗೆ ಸೇತುವೆ ಎಂದರೆ ಆಸ್ಪತ್ರೆ, ಕಾಲೇಜು, ಸಂತೆ; ಪರಂಪರೆಯ ತಜ್ಞರಿಗೆ ಅದು ಕಣ್ಣಿಗೆ ಚುಚ್ಚುವ ಕಾಂಕ್ರೀಟು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಿಂದ ಸಂಸಾರಗಳನ್ನು ಎಬ್ಬಿಸಲಾಯಿತು. ಮಂಟಪಗಳು ಉಳಿದವು, ಬೀದಿಯ ಬದುಕು ಉಳಿಯಲಿಲ್ಲ. ಇತ್ತ ವಿರೂಪಾಪುರಗಡ್ಡೆಯಲ್ಲಿ ಅಂಕೆಯಿಲ್ಲದೆ ಬೆಳೆದ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದವು. ಜನರನ್ನು ಹೊರಗಿಟ್ಟ ರಕ್ಷಣೆಯೂ ಲಂಗುಲಗಾಮಿಲ್ಲದ ಪ್ರವಾಸೋದ್ಯಮವೂ ಕೊನೆಗೆ ಊರಿಗೇ ಹೊರೆ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ತಂದೆತಾಯಿ ಒಂದು ದಿನವನ್ನು ಆನೆಗೊಂದಿಗೆ ಮೀಸಲಿಡಬಹುದು. ಗಂಗಾವತಿಯ ಕಡೆಯಿಂದಲೂ ರಸ್ತೆಯಿದೆ. ಊರಿನವರ ಮನೆಯಲ್ಲೇ ಉಳಿದು, ಅವರ ಅಡುಗೆ ಉಂಡು, ಸ್ಥಳೀಯ ಮಾರ್ಗದರ್ಶಿಯೊಡನೆ ನಡೆದರೆ ಪಠ್ಯಪುಸ್ತಕದಲ್ಲಿಲ್ಲದ ಇತಿಹಾಸ ಕಿವಿಗೆ ಬೀಳುತ್ತದೆ. ಹಾಗೆಯೇ, ತಮ್ಮ ಊರಿನ ಕೆರೆ, ಕಣ, ಗರಡಿಮನೆಗಳ ಕಥೆಯನ್ನು ಅಜ್ಜ-ಅಜ್ಜಿಯರಿಂದ ಕೇಳಿ ಬರೆದಿಡುವ ವಿದ್ಯಾರ್ಥಿಯೂ ಅಂಥದ್ದೇ ಒಂದು ಮ್ಯೂಸಿಯಂಗೆ ಬಾಗಿಲು ತೆರೆದಂತೆ.